ಒಂದನೇ ಡೋಸಿಗೆ ಲ್ಯಾಮಿನೇಶನ್ ಇಲ್ಲ

ಹಾಗಂತ ಬರೆದು ಗಾಜಿಗೆ ಅಂಟಿಸಿದ್ದೆ,
ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನ ಹತ್ತಿರ, ನನ್ನ ಜೆರಾಕ್ಸ್ ಅಂಗಡಿಯಲ್ಲಿ.
ಜನರ ದುಡ್ಡು ಉಳಿಯಲಿ ಅಂತ, ಮತ್ತೆಂತಕ್ಕೂ ಅಲ್ಲ.
ಎಂಬತ್ತನಾಲ್ಕು ದಿನ ಕಳೆದರೆ ಹೊಸ ಕಾಗದ ಬರುತ್ತದೆ,
ಆಗ ಮಾಡಿಸಿ ಮಾರಾಯ್ರೆ,
ಒಮ್ಮೆ ಪ್ಲಾಸ್ಟಿಕ್ಕಿನೊಳಗೆ ಹೋದದ್ದನ್ನು
ಬ್ರಹ್ಮನಿಗೂ ತಿದ್ದಲಿಕ್ಕೆ ಆಗುವುದಿಲ್ಲ.

ಆ ವರ್ಷ ಊರಿಗೆ ಊರೇ ಕಾಗದ ಹಿಡಿದು ನಡೆಯುತ್ತಿತ್ತು.
ಮಾಲಿನ ಬಾಗಿಲಲ್ಲಿ, ತಲಪಾಡಿಯ ಗೇಟಿನಲ್ಲಿ,
ಮದುವೆ ಹಾಲಿನಲ್ಲಿ ಪನ್ನೀರಿಗಿಂತ ಮೊದಲು
"ಕಾರ್ಡ್ ಉಂಟಾ?"

ದಕ್ಕೆಯ ಕಲ್ಯಾಣಕ್ಕ ರವಿಕೆಯೊಳಗಿಂದ ತೆಗೆದದ್ದು
ಎಂಟು ಮಡಿಕೆಯ ಕಾಗದ, ಮೀನಿನ ನೀರು ಕುಡಿದು
ಹಾಲಿನ ಕೆನೆಯ ಹಾಗೆ ಮೆತ್ತಗೆ.
"ಬೆಳಗ್ಗೆ ನಾಲ್ಕಕ್ಕೇ ಟೋಕನಿನ ಸಾಲಿನಲ್ಲಿ ನನ್ನ ಬುಟ್ಟಿ ಇಟ್ಟಿದ್ದೆ,
ಅದು ನನಗಿಂತ ಹೆಚ್ಚು ಹೊತ್ತು ನಿಂತಿದೆ ಮಗಾ,
ಅದಕ್ಕೂ ಒಂದು ಡೋಸ್ ಕೊಡಬೇಕಿತ್ತು."
ಹಿಲ್ಡಾ ಬಾಯಿಯವರ ಎಂಬತ್ತೊಂದು
ಯಾರದೋ ಬೆರಳು ಜಾರಿ ಹದಿನೆಂಟು ಆಗಿತ್ತು.
ತಿದ್ದಿಸುವಾ ಅಂದೆ.
ಮಾಸ್ಕಿನ ಮೇಲೆ ಕಣ್ಣು ಎರಡೂ ಚಿಕ್ಕದಾದವು: "ಇರಲಿ ಬಿಡು.
ಇನ್ನೂ ಸ್ವಲ್ಪ ಬಿಸಿ ಮಾಡಿ ಒತ್ತು."

ಕಡವಿನ ಇದಿನಬ್ಬರು ಬಂದದ್ದು ಆಟಿಯ ಒಂದು ಮಧ್ಯಾಹ್ನ,
ಕೊಡೆಯ ನೀರನ್ನು ಹೊರಗೇ ಕೊಡವಿ.
ಬ್ರೆಡ್ಡಿನ ಪ್ಲಾಸ್ಟಿಕ್ ಚೀಲ, ಅದರೊಳಗೆ ಇನ್ನೊಂದು,
ಅದರೊಳಗೆ ಕೈಜಮ್ಮ, ಹೆಣ್ಣು, ಐವತ್ತೆಂಟು, ಒಂದನೇ ಡೋಸ್.
ರೇಷನ್ ಕಾರ್ಡಿನಲ್ಲೂ ವೋಟರ್ ಲಿಸ್ಟಿನಲ್ಲೂ ಸರಿಯಾಗದ ಹೆಸರು
ಇದರಲ್ಲಿ ಮಾತ್ರ ಸರಿಯಾಗಿತ್ತಂತೆ.
ನಾನು ಗಾಜಿನ ಕಡೆ ಬೆರಳು ತೋರಿಸಿದೆ.
ಅವರು ಕನ್ನಡಕದ ಆವಿ ಒರೆಸಿಕೊಂಡು
ಪೂರ್ತಿ ಓದಿದರು.
"ಓದಿದೆ. ಆದರೂ ಮಾಡಿ.
ಇದು ಇನ್ನು ಬದಲಾಗುವುದಿಲ್ಲ."

ಮೆಷಿನು ಕಾಯಲಿಕ್ಕೆ ನಾಲ್ಕು ನಿಮಿಷ ಬೇಕು.
ಕೆಂಪು ದೀಪ.
ಇಬ್ಬರೂ ಅದನ್ನೇ ನೋಡುತ್ತಾ ನಿಂತೆವು.
ಹಸಿರಾದಾಗ ಯಾರೂ ಎಂತದೂ ಹೇಳಲಿಲ್ಲ.
ಮೂಲೆಗಳನ್ನು ಗುಂಡಗೆ ಕತ್ತರಿಸಿ ಕೊಟ್ಟೆ,
ಕಿಸೆಗೆ ಚುಚ್ಚಬಾರದಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಬಂದರು, ಮೊಬೈಲು ಚಾಚಿದರು.
ಕೈಜಮ್ಮನಿಗೆ ಎರಡನೇ ಡೋಸ್ ಯಶಸ್ವಿಯಾಗಿ ಕೊಡಲಾಗಿದೆ,
ಅಭಿನಂದನೆಗಳು.
"ಎಷ್ಟು ಗಂಟೆಗೆ ಅಂತ ಉಂಟಾ ಅದರಲ್ಲಿ?"
ತಾರೀಕು ಉಂಟು, ಗಂಟೆ ಇಲ್ಲ.
ಜಾಗದ ಹೆಸರು ಉಂಟು, ಕುದ್ರೋಳಿ ಕಡೆಯ ಒಂದು ಶಾಲೆ.
"ಹ್ಞಾ, ಆ ಶಾಲೆಗೆ ಹೋಗಿದ್ದೆ ನಾನು.
ನರ್ಸ್ ಹುಡುಗಿ ಪಾಪ, ಕಂಪ್ಯೂಟರಿನ ತಪ್ಪು ಅಂತ
ಮೂರು ಸಲ ಹೇಳಿದಳು, ಅಳುವ ಹಾಗೆ ಆಗಿದ್ದಳು.
ಚುಚ್ಚಿಸಿಕೊಂಡವರು ಅರ್ಧ ಗಂಟೆ ಕೂರಬೇಕಲ್ಲ,
ಆ ಬೆಂಚಿನಲ್ಲಿ ಜಾಗ ಇತ್ತು.
ಅರ್ಧ ಗಂಟೆ ಕೂತು ಬಂದೆ."

ಪ್ರಿಂಟು ತೆಗೆದೆ.
ಹಿಡಿದು, ದೂರ ಇಟ್ಟು ನೋಡಿ, ಹಿಂದೆ ಕೊಟ್ಟರು.
"ನೋಡಲಿಕ್ಕೆ ಮಾತ್ರ."
ಹತ್ತು ರೂಪಾಯಿ ಬೇಡ ಅಂದರೆ
ಸ್ಟಾಪ್ಲರಿನ ಕೆಳಗೆ ಸಿಕ್ಕಿಸಿ ಹೋದರು.

ಈಗ ಯಾರೂ ಕೇಳುವುದಿಲ್ಲ ಕಾರ್ಡು.
ಕಲ್ಯಾಣಕ್ಕ ಅದರಲ್ಲಿ ಬಂಗುಡೆಯ ನೊಣ ಓಡಿಸುತ್ತಾಳೆ,
"ಗಟ್ಟಿ ಉಂಟು ನಿನ್ನ ಕೆಲಸ" ಅನ್ನುತ್ತಾಳೆ.
ಮೊನ್ನೆ ತಣ್ಣೀರುಬಾವಿಗೆ ದಾಟುವಾಗ
ದೋಣಿಯಲ್ಲಿ ಟಿಕೆಟ್ ಹರಿಯುತ್ತಾ ಅವರೇ.
ದುಡ್ಡು ಎಣಿಸಿಯೇ ತೆಗೆದುಕೊಂಡರು.
ನಡುನೀರಿನಲ್ಲಿ ಹತ್ತಿರ ಬಂದು,
ಎಂಜಿನಿನ ಸದ್ದಿನೊಳಗೆ,

"ಆ ಕಾಗದ ಉಂಟಾ?"
"ಉಂಟು, ಡ್ರಾಯರಿನಲ್ಲಿ."
"ಇರಲಿ."