ಗುರುವಾರದ ಉತ್ತರ

ಯೆಲಿವಾರೆಯಲ್ಲಿ ಹಿಮ ಗೋರುವ ಸಿಕ್ಸ್‌ಟನ್
ಪಾಳಿ ಮುಗಿಸಿ, ಬೂಟು ಬಿಚ್ಚದೆಯೇ
ಲ್ಯಾಪ್‌ಟಾಪ್ ತೆರೆದ.
ಕಳೆದ ವಾರ ಎಷ್ಟು ದಿನ ಏನೂ ಬೇಡವೆನಿಸಿತು?
ಸೊನ್ನೆಯಿಂದ ಮೂರರೊಳಗೆ ಒತ್ತಬೇಕು.
ಮೂರು ಒತ್ತಿದ.
ಇಷ್ಟೊಂದು ಹಿಮಕ್ಕೆ ಮೂರೇ ಮೂರು.

ಮನೆಗೆಲಸ: ಇವತ್ತು ಮಾಡಿದ್ದನ್ನು ಬರೆಯಿರಿ.
ದಾರಿ ಬಿಡಿಸಿದೆ. ಮತ್ತೆ ಮುಚ್ಚಿತು.
ಅಳಿಸಿದ. ಅದನ್ನೇ ಬರೆದ.

ಗುರುವಾರ ಉತ್ತರ ಬರುತ್ತದೆ,
ಮುಖವಿಲ್ಲ, ದನಿಯಿಲ್ಲ,
ಸೂಲ್ವೇಗ್ ಎಂಬ ಸಹಿ, ನಾಲ್ಕು ಸಾಲು.
ಯಂತ್ರವೇ ಇರಬೇಕು ಅಂದುಕೊಂಡಿದ್ದ.
ಈ ಸಲ ಒಂದು ಕಾಗುಣಿತದ ತಪ್ಪು:
'ಹಿಮ'ದಲ್ಲಿ ಒಂದಕ್ಷರ ಬಿಟ್ಟುಹೋಗಿದೆ.

ಎಲ್ಲೋ, ಕಾಫಿ ಆರುತ್ತಿರುವಾಗ, ಅವಸರದಲ್ಲಿ
ಬೆರಳೊಂದು ಜಾರಿದೆ.
ಆ ಬೆರಳನ್ನೇ ನೋಡುತ್ತ ಕೂತ.

ಬೂಟಿನ ಹಿಮ ಕರಗಿ ನೆಲವೆಲ್ಲ ನೀರು.
ಎದ್ದು ಒರೆಸಿದ.
ಇದನ್ನೂ ಬರೆಯಬಹುದೇನೋ.