ಉದ್ರಿ ಪುಸ್ತಕ, ಮೂರನೇ ಸೆಮಿಸ್ಟರ್

ಕುಮುದಿನಿ ಮಿಸ್ ಹೇಳಿದ್ದರು:
ಯಾವುದಾದರೂ ಒಂದು ನಿಜವಾದ ಲೆಕ್ಕ ತನ್ನಿ,
ಪಠ್ಯದಲ್ಲಿರುವ ಉದ್ಯೋಗಿಗಳು ಸಾಕು,
ಪಾಪ, ಮೂವತ್ತು ವರ್ಷದಿಂದ ಅದೇ ಸಂಬಳಕ್ಕಿದ್ದಾರೆ.

ನಾನು ಅವ್ವನ ಉದ್ರಿ ಪುಸ್ತಕ ಒಯ್ದೆ.
ಮಂಡಕ್ಕಿ ಭಟ್ಟಿಯ ಮಸಿ ಕುಡಿದ ರಟ್ಟು,
ಬಿಡಿಸಿದರೆ ಹಾಳೆಯ ಸಂದಿಯಿಂದ
ಚಿಟಿಕೆ ಮರಳು, ಹೊಟ್ಟು, ಅರಳದ ಎರಡು ಕಾಳು.
ಅಟೆಂಡರ್ ದುರುಗಪ್ಪ ಗದರಿದ:
ಕೀಬೋರ್ಡಿಗೆ ಬಿದ್ದರೆ ಯಾರಮ್ಮ ಜವಾಬು?

ಹೆಸರು ಕೀಲಿಯಾಗದು, ಅದು ಮೊದಲ ಪಾಠ.
ಪುಸ್ತಕದಲ್ಲಿ ನಾಲ್ಕು ಜನ ಹಾಲಪ್ಪ:
ಗೇಟಿನ ಹಾಲಪ್ಪ, ಮೆಳ್ಳಗಣ್ಣಿನ ಹಾಲಪ್ಪ,
ಹರಿಹರದ ಕಡೆಯವನು,
ಇನ್ನೊಬ್ಬ ಬರೀ ‘ಆ ಹಾಲಪ್ಪ’.
ಒಬ್ಬೊಬ್ಬರಿಗೂ ಒಂದು ಅಂಕಿ ಕೊಡು ಅಂದರು ಮಿಸ್,
ಒಮ್ಮೆ ಕೊಟ್ಟದ್ದು ಮತ್ತೊಬ್ಬರಿಗಿಲ್ಲ.
ಕೊಟ್ಟೆ. ಸಂಜೆ ಓದಿ ಹೇಳಿದರೆ
ಅವ್ವ ಜರಡಿ ಆಡಿಸುತ್ತಲೇ ನಕ್ಕಳು:
ನಿನ್ನ ಮೂರನೇ ನಂಬರಿಗೆ ಎಷ್ಟು ಮಕ್ಳು, ಹೇಳು ನೋಡಾನ.

ಕೋಷ್ಟಕದ ಒಂದು ಮನೆಯಲ್ಲಿ ಒಂದೇ ಸಂಗತಿ ಇರಬೇಕಂತೆ.
(ನಮ್ಮ ಓಣಿಯಲ್ಲಿ ಒಂದು ಮನೆಗೆ ಮೂರು ಸಂಸಾರ;
ಮಿಸ್‌ಗೆ ಹೇಳಲಿಲ್ಲ.)
ಅವ್ವ ಬರೆದದ್ದು ಹೀಗಿತ್ತು:
‘ಎರಡು ಚೀಲ, ಮಗಳ ಬಾಣಂತನ, ಹಬ್ಬ ಕಳೆದ ಮೇಲೆ, ಒಳ್ಳೆಯವ’.
ಚೀಲಕ್ಕೊಂದು ಕಾಲಂ, ಹಬ್ಬಕ್ಕೊಂದು ತಾರೀಖು,
ಬಾಣಂತನ ಹೊರಗುಳಿಯಿತು.
ಒಳ್ಳೆಯವ ಎಂಬುದನ್ನು ಯಾವ ಕೋಷ್ಟಕಕ್ಕೆ ಸೇರಿಸಲಿ?
‘ಷರಾ’ ಎಂದು ಒಂದು ಕಾಲಂ ಕದ್ದು ಮಾಡಿದೆ.

ಬೀಗಗಳ ಪಾಠದ ದಿನ ತಡವಾಗಿ ಹೋದೆ.
ಅಶೋಕ ಟಾಕೀಸ್ ಗೇಟಿನಲ್ಲಿ
ರೈಲು ದಾಟಿ ಹೋಗಿ, ಕಂಬ ಮೇಲೆದ್ದ ಮೇಲೂ
ಆಚೆಯ ಆಟೋ, ಈಚೆಯ ಮೆಕ್ಕೆಜೋಳದ ಟ್ರ್ಯಾಕ್ಟರು
ಮೂತಿಗೆ ಮೂತಿ ಹಚ್ಚಿ ನಿಂತಿದ್ದವು,
ಯಾರೊಬ್ಬರೂ ಹಿಂದೆ ಸರಿಯಲೊಲ್ಲರು.
ಡೆಡ್‌ಲಾಕ್: ಐದು ಅಂಕದ ಪ್ರಶ್ನೆ.
ಅದೊಂದನ್ನು ನಾನು ಓದಲೇ ಇಲ್ಲ.

ನಲ್ ಮಾತ್ರ ತಲೆಗೆ ಹತ್ತಲಿಲ್ಲ.
ಅದು ಸೊನ್ನೆಯಲ್ಲ ಅಂದರು, ಖಾಲಿಯೂ ಅಲ್ಲ.
ಎರಡು ನಲ್‌ಗಳನ್ನು ಪಕ್ಕದಲ್ಲಿಟ್ಟು
ಇವು ಒಂದೇನಾ ಎಂದರೆ
ಯಂತ್ರ ಹೌದೆನ್ನದು, ಅಲ್ಲವೆನ್ನದು.
ಹಿಂದಿನ ಬೆಂಚಿನಿಂದ ಯಾರೋ ಆಕಳಿಸಿದರು.

ಮೆಳ್ಳಗಣ್ಣಿನ ಹಾಲಪ್ಪ ಶ್ರಾವಣದಲ್ಲಿ ಹೋದ,
ಗಾಡಿ ತಳ್ಳುತ್ತಲೇ, ಹಳೇಪೇಟೆಯ ಏರಿನಲ್ಲಿ.
ಅವ್ವ ಅಂದಳು, ನಿನ್ನ ಮಿಷನ್ನಿನಿಂದ ಅವನ್ನ ತೆಗಿ.
ಅಳಿಸಲು ಹೋದೆ, ಯಂತ್ರ ಬಿಡಲಿಲ್ಲ:
ಈ ಅಂಕಿಗೆ ಹದಿನೇಳು ಸಾಲು ಅಂಟಿಕೊಂಡಿವೆ.
ಸಾಲು ಹದಿನೇಳು, ಎಲ್ಲವೂ ಸಾಲ.
ಬೇಕಾದರೆ ಅವನ ಜೊತೆಗೆ ಅವನ್ನೂ ಅಳಿಸುತ್ತೇನೆ,
ಬರಲೇ ಇಲ್ಲ ಎಂಬಂತೆ ಮಾಡುತ್ತೇನೆ,
ಹಾಗೂ ಒಂದು ದಾರಿಯಿದೆ.

ಅವ್ವ ದಾರ ಕಟ್ಟಿದ ಪೆನ್ನು ತೆಗೆದಳು.
ಆ ಪುಟಕ್ಕೆ ಅಡ್ಡಲಾಗಿ ಒಂದೇ ಗೆರೆ,
ಕೆಳಗಿನ ಚೀಲಗಳೆಲ್ಲ ಓದಲು ಬರುವ ಹಾಗೆ.
ಗೆರೆಯ ತುದಿಗೆ ಒಂದು ಮಾತು: ತೀರಿತು.

ಸಾಲವೋ, ಮನುಷ್ಯನೋ, ಕೇಳಲಿಲ್ಲ ನಾನು.
ಸೊನ್ನೆ ಹಾಕಿದರೆ ಅವನು ಕೊಟ್ಟಂತೆ; ಕೊಟ್ಟಿಲ್ಲ.
ಹಾಗೇ ಬಿಟ್ಟರೆ ಕೊಡಬೇಕಾದಂತೆ; ಬೇಕಿಲ್ಲ.
ಆ ರಾತ್ರಿ ಹದಿನೇಳು ಬಾಕಿಗೂ
ಒಂದೊಂದಾಗಿ ನಲ್ ತುಂಬಿದೆ.
ಒಂದೇ ಆಜ್ಞೆಯಲ್ಲಿ ಆಗುತ್ತಿತ್ತು.
ಕಮಿಟ್ ಕೊಡುವ ಮೊದಲು
ಭಟ್ಟಿಯ ಮರಳು ಕಾಯುವ ಸದ್ದು ಕೇಳುತ್ತ
ತುಸು ಹೊತ್ತು ಕೂತೆ.

ಪರೀಕ್ಷೆಗೆ ಶಿವಮೊಗ್ಗದಿಂದ ಬಂದವರು
ಕನ್ನಡಕ ಏರಿಸಿ ಪರದೆ ನೋಡಿದರು.
ಎರಡನೇ ನಂಬರಿನ ಬಾಕಿ ಎಷ್ಟಮ್ಮ?
ಗೊತ್ತಿಲ್ಲ ಸರ್.
ಹಾಗಾದರೆ ಈ ಗಿರಾಕಿಯನ್ನು ತೆಗೆಯಬಹುದಲ್ಲ?
ಇರಲಿ ಸರ್, ಅಂದೆ.

ಎರಡು ಅಂಕ ಹೋಯಿತು.
ಷರಾ ಕಾಲಂ ಅವರ ಕಣ್ಣಿಗೆ ಬೀಳಲಿಲ್ಲ.