ಗುರುವಾರ, ಎರಡು ಗಂಟೆ

ಲಡ್ಲೋ ಪೇಟೆಯ ಚರ್ಚಿನ ಹಿಂದೆ, ಉದ್ದ ಕೋಣೆಯಲ್ಲಿ
ಬ್ಯಾಂಕೊಂದು ಬೇಡವೆಂದು ಕೊಟ್ಟ ಏಳು ಕಂಪ್ಯೂಟರು.
ಒಂದಕ್ಕೆ ಝಡ್ ಗುಂಡಿಯೇ ಇಲ್ಲ.
ಹೀಟರ್ ಹಾಕಿದರೆ ಫ್ಯೂಸು ಹೋಗಿ ಏಳೂ ಆರುತ್ತವೆ.
ಹಾಗಾಗಿ ಫೆಬ್ರುವರಿಯಲ್ಲಿ ಕೋಟು ಕಳಚದೆ ಕೂರುತ್ತೇವೆ
ನಾನು, ಮತ್ತೆ ಶಾಲೆಯ ಮೆಟ್ಟಿಲು ಹತ್ತದ ಐದು ಮಕ್ಕಳು.

ಮನೆಪಾಠವೆಂದರೆ ನನಗೆ ಗೊತ್ತಿದ್ದದ್ದು
ಶಾಲೆ ಬಿಟ್ಟ ಮೇಲೆ ಮಾಸ್ತರರ ಕಟ್ಟೆಯ ಮೇಲೆ
ಇನ್ನೊಂದು ಸಲ ಬೈಸಿಕೊಳ್ಳುವುದು.
ಇವರಿಗೆ ಮನೆಯೇ ಪಾಠ.
ಎಜ್ರಾನಿಗೆ ಹನ್ನೊಂದು. ಯಾವ ಅಣಬೆ ತಿಂದರೆ ಸಾಯುತ್ತೇವೆಂದು ಬಲ್ಲ,
ಕುರಿಯ ಗೊರಸು ಕತ್ತರಿಸಬಲ್ಲ.
ಫೈಲು ಉಳಿಯುತ್ತದೆ ಎನ್ನುವುದನ್ನು ಮಾತ್ರ ನಂಬಲಾರ.
"ಆರಿಸಿದ ಮೇಲೆ ಅದು ಎಲ್ಲಿರುತ್ತೆ? ಕತ್ತಲಲ್ಲಾ?"
ಕತ್ತಲಲ್ಲೇ, ತಮ್ಮಾ, ಆಲೂಗಡ್ಡೆಯ ಹಾಗೆ, ಅಂದೆ.
ಅವತ್ತಿನಿಂದ ಅವನ ಫೋಲ್ಡರಿನ ಹೆಸರು ಆಲೂಗಡ್ಡೆ.

ಧಾರವಾಡದ ಕೋರ್ಟಿನಲ್ಲಿ ಹದಿನಾಲ್ಕು ವರ್ಷ
ಬೇರೆಯವರ ಜಗಳ ಟೈಪು ಮಾಡಿದ ಬೆರಳು ಇವು.
ಒಂದಕ್ಷರ ತಪ್ಪಿದರೆ ಮೂರು ಪ್ರತಿಯನ್ನೂ ಹರಿದು ಮೊದಲಿಂದ.
ಪರದೆಯ ಮೇಲೆ ಕೆಂಪಕ್ಷರ ಮೂಡಿದ ಮೊದಲ ದಿನ
ಎಜ್ರಾ ಕಾದ ಬಾಣಲೆ ಮುಟ್ಟಿದವನಂತೆ ಕೈ ಹಿಂದೆಳೆದ.
"ಯಾರಿಗೆ ಸಿಟ್ಟು ಬಂತು?"
ಯಾರಿಗೂ ಇಲ್ಲ, ಅಂದೆ.
ಉಳಿದದ್ದು ಇಂಗ್ಲಿಷಿಗೆ ಬಗ್ಗಲಿಲ್ಲ, ನನ್ನೊಳಗೇ ಹೇಳಿಕೊಂಡೆ:
ಅಕ್ಷರ ಕಲಿಯುವುದಕ್ಕೂ ತಪ್ಪು ಸರಿಮಾಡುವುದಕ್ಕೂ
ನಮ್ಮಲ್ಲಿ ಒಂದೇ ಮಾತು, ತಿದ್ದುವುದು.
ಅಪ್ಪ ಪಾಟಿಯ ಮೇಲೆ ಬರೆದುಕೊಟ್ಟ ಅ
ಕುಂಬಳಕಾಯಿಯಷ್ಟು ದಪ್ಪವಾಗುವ ತನಕ ತಿದ್ದಿದ್ದೆ.
ಅದರಲ್ಲಿ ಕಲಿಕೆ ಯಾವುದು, ತಪ್ಪು ಯಾವುದು,
ಯಾರೂ ಬೇರೆ ಮಾಡಿ ತೋರಿಸಲಿಲ್ಲ.

ಹಿಂದಿನ ಬೆಂಚಿನಲ್ಲಿ ಹಿಲರಿ, ಟ್ಯಾಮ್ಸಿನ್‌ಳ ತಾಯಿ,
ಕೈಗಡಿಯಾರ ನೋಡುತ್ತಾಳೆ. ಪರದೆಗೆ ನಲವತ್ತೇ ನಿಮಿಷ.
ದೊಡ್ಡ ಮಗನನ್ನು ಶಾಲೆಯ ಹುಡುಗರ ಫೋನುಗಳು ಏನು ಮಾಡಿದವೆಂದು
ಒಮ್ಮೆ ಅರ್ಧ ಹೇಳಿ ನಿಲ್ಲಿಸಿದ್ದಳು.
ಮಿಕ್ಕರ್ಧ ನಾನು ಕೇಳಲಿಲ್ಲ.

ಟ್ಯಾಮ್ಸಿನ್ ತಮ್ಮ ಹಳ್ಳಿಯ ಗೋಪುರದಲ್ಲಿ ಹಗ್ಗ ಎಳೆಯುವವಳು.
ಆರು ಗಂಟೆ. ಹೊತ್ತಲ್ಲ, ಕಂಚು.
ಪ್ರತಿ ಸುತ್ತಿಗೂ ಗಂಟೆಗಳು ಪಕ್ಕದವರೊಡನೆ ಮನೆ ಬದಲಿಸುತ್ತ,
ಚೌಕಾಬಾರದ ಕಾಯಿಗಳಂತೆ, ಎಲ್ಲೆಲ್ಲೋ ಸುತ್ತಿ
ಹನ್ನೆರಡನೆಯ ಸಾಲಿಗೆ ಹಣ್ಣಾಗಬೇಕು.
ಅದನ್ನೇ ಬರೆದಳು. ಓಡಿಸಿದಳು.

೧೨೩೪೫೬
೨೧೪೩೬೫
೧೨೩೪೫೬
೨೧೪೩೬೫

"ಇವು ಮನೆ ಬಿಟ್ಟು ಹೋಗ್ತಾನೇ ಇಲ್ಲ," ಎಂದಳು ಟ್ಯಾಮ್ಸಿನ್, ಬೇಸರದಿಂದ.
ಹಿಂದೆ ಹಿಲರಿ ತಲೆಯೆತ್ತಿದಳು.
ನನಗೆ ಉತ್ತರ ಗೊತ್ತಿತ್ತು. ನಾಲಗೆ ಕಚ್ಚಿ ಕೂತೆ,
ನಲವತ್ತರಲ್ಲಿ ಹನ್ನೊಂದು ನಿಮಿಷ.
ಅವಳು ಕಣ್ಣು ಮುಚ್ಚಿ, ಇಲ್ಲದ ಹಗ್ಗವೊಂದನ್ನು
ಗಲ್ಲದವರೆಗೆ ಎಳೆದು ಬಿಟ್ಟು, ಎಳೆದು ಬಿಟ್ಟು,
"ಓ. ಒಂದು ಸಾಲು ಬಿಟ್ಟು ಒಂದು ಸಾಲು
ತುದಿಯ ಇಬ್ಬರು ಸುಮ್ಮನೆ ನಿಲ್ಲಬೇಕು. ನಡುವಿನವರು ಹೋಗಲಿ."

೧೨೩೪೫೬
೨೧೪೩೬೫
೨೪೧೬೩೫
೪೨೬೧೫೩

ಇಷ್ಟು ಇಳಿದಿತ್ತು. ಕೋಣೆ ಕತ್ತಲಾಯಿತು.
ಚಳಿ ತಡೆಯದೆ ಹಿಲರಿ ಹೀಟರ್ ಹಾಕಿದ್ದಳು.

ಯಾರೂ ಮಾತಾಡಲಿಲ್ಲ.
"ಆಲೂಗಡ್ಡೆಯಲ್ಲಿ ಇಟ್ಟಿದ್ಯಾ?" ಎಜ್ರಾ ಪಿಸುಗುಟ್ಟಿದ.
ಇಟ್ಟಿರಲಿಲ್ಲ.
ನಾನು ಫ್ಯೂಸಿನ ಪೆಟ್ಟಿಗೆಗೆ ತಡವರಿಸುತ್ತ ಹೋಗುವಾಗ
ಟ್ಯಾಮ್ಸಿನ್ ಕತ್ತಲಲ್ಲೇ ಗುಂಡಿಗಳ ಮೇಲೆ ಬೆರಳಿಟ್ಟು ಕಾಯುತ್ತಿದ್ದಳು.
ದೀಪ ಬಂದಾಗ ಹಿಲರಿಯ ಕೈಗಡಿಯಾರ ಜೇಬು ಸೇರಿತ್ತು.
ಅರ್ಧ ಕೆಂಪಾಗಿದ್ದ ಹೀಟರಿನ ತಂತಿ
ತಣ್ಣಗಾಗುತ್ತ ಟಿಕ್ ಟಿಕ್ ಅನ್ನುತ್ತಿತ್ತು.